ಗುಂಡು ಹಾರುವ ಮೊದಲೇ ಮುಗಿದಿದ್ದ ಮಾತು

ಪ್ರಶ್ನೆ: ನಮ್ಮೂರಿನ ಹತ್ತಿರ ಪೋರ್ಚುಗೀಸರ ವಶದಲ್ಲಿದ್ದ ಅಂಜುದೀವ್ ದ್ವೀಪದಿಂದ ಹಾರಿದ ಗುಂಡೇ ಗೋವಾ ಕಾರ್ಯಾಚರಣೆಗೆ ಕಾರಣವೆಂದು ನಮ್ಮಜ್ಜ ಹೇಳುತ್ತಿದ್ದರು. 1914ರ ಮಹಾಯುದ್ಧಕ್ಕೂ ಒಂದು ಹತ್ಯೆಯೇ ಕಾರಣವೆಂದು ಪಠ್ಯದಲ್ಲಿ ಓದಿದ್ದೇನೆ. ಒಂದೊಂದು ಘಟನೆಗೇ ಶಾಂತಿ ಮುರಿದುಬೀಳುತ್ತದೆಯೇ?
– ಪದವಿ ವಿದ್ಯಾರ್ಥಿನಿ, ಕಾರವಾರ

ಉತ್ತರ: ನಿಮ್ಮ ಅಜ್ಜ ಹೇಳಿದ ಘಟನೆ ನಿಜ. 1961ರ ನವೆಂಬರ್ 24ರಂದು ಅಂಜುದೀವ್ ಬಳಿ ಹಾದುಹೋಗುತ್ತಿದ್ದ ‘ಸಾಬರಮತಿ’ ಎಂಬ ಪ್ರಯಾಣಿಕರ ಹಡಗಿನಲ್ಲಿ ದ್ವೀಪವನ್ನು ಹಿಡಿಯಲು ಬಂದ ಸೈನಿಕರಿರಬಹುದೆಂಬ ಭಯದಿಂದ ಪೋರ್ಚುಗೀಸ್ ಪಡೆ ಗುಂಡು ಹಾರಿಸಿತು. ಪ್ರಯಾಣಿಕರೊಬ್ಬರು ಪ್ರಾಣ ಕಳೆದುಕೊಂಡರು. ಡಿಸೆಂಬರ್ 18ರಂದು ಭಾರತದ ಸೇನೆ ಗೋವೆಯನ್ನು ಪ್ರವೇಶಿಸಿತು. ಅಂಜುದೀವ್‌ನಲ್ಲಿ ನಮ್ಮ ನೌಕಾಪಡೆಯ ಏಳು ಮಂದಿ ಹುತಾತ್ಮರಾದರು.

ಆದರೆ ಇದನ್ನು ಕಾರಣವೆನ್ನುವುದಕ್ಕಿಂತ ನೆಪವೆನ್ನುವುದು ಸರಿ. ಗೋವೆ ತನ್ನ ವಸಾಹತಲ್ಲ, ತನ್ನದೇ ಸಾಗರೋತ್ತರ ಪ್ರಾಂತ್ಯವೆಂದು ಪೋರ್ಚುಗಲ್ 1951ರಲ್ಲಿ ಸಂವಿಧಾನವನ್ನೇ ತಿದ್ದಿಕೊಂಡಿತ್ತು. ಮಾತುಕತೆಗೆ ದಾರಿಯಿಲ್ಲವೆಂದು ಭಾರತ 1953ರಲ್ಲಿ ಲಿಸ್ಬನ್‌ನಲ್ಲಿದ್ದ ತನ್ನ ರಾಜತಾಂತ್ರಿಕ ಕಚೇರಿಯನ್ನು ಮುಚ್ಚಿತ್ತು. ಜಮೀನಿನ ವ್ಯಾಜ್ಯವಾದರೆ ಕೋರ್ಟಿಗೆ ಹೋಗಬಹುದು. ದೇಶಗಳ ತಲೆಯ ಮೇಲೆ ಅಂಥ ಕೋರ್ಟು, ಅದರ ತೀರ್ಪನ್ನು ಜಾರಿಗೊಳಿಸುವ ಪೊಲೀಸರು ಇಲ್ಲ. ಹೀಗಾಗಿ ಎದುರಿನವರ ಹಡಗನ್ನು ಕಂಡಾಗ ಅದು ಯಾರನ್ನು ಹೊತ್ತಿದೆ ಎಂಬುದನ್ನು ನಂಬಿಕೆಯಿಂದಲ್ಲ, ಭಯದಿಂದ ಊಹಿಸಬೇಕಾಗುತ್ತದೆ.

1914ರಲ್ಲಿ ಈ ಭಯದ ಜೊತೆಗೆ ಅವಸರವೂ ಸೇರಿತು. ಜೂನ್ 28ರಂದು ಸರಾಯೆವೊದಲ್ಲಿ ಆಸ್ಟ್ರಿಯಾದ ಯುವರಾಜನ ಹತ್ಯೆಯಾದ ಮೇಲೂ ಸುಮಾರು ನಾಲ್ಕು ವಾರ ಯುರೋಪು ಮೇಲ್ನೋಟಕ್ಕೆ ಶಾಂತವಾಗಿಯೇ ಇತ್ತು. ಹತ್ಯೆಗೆ ಆಸ್ಟ್ರಿಯಾ ಹೊಣೆಯಾಗಿಸಿದ ಸರ್ಬಿಯಾದ ಬೆಂಬಲಕ್ಕೆ ನಿಂತ ರಷ್ಯಾ ಸೈನ್ಯ ಜಮಾವಣೆಗೆ ಆದೇಶಿಸಿದ್ದೇ ತಡ, ರಷ್ಯಾ ಸಿದ್ಧವಾಗುವುದರೊಳಗೆ ಫ್ರಾನ್ಸನ್ನು ಸೋಲಿಸಬೇಕೆಂಬ ಜರ್ಮನಿಯ ಹಳೆಯ ಯೋಜನೆಗೆ ಒಂದೊಂದು ದಿನವೂ ನಷ್ಟದಂತೆ ಕಾಣತೊಡಗಿತು. ಆಗಸ್ಟ್ 1ರ ಸಂಜೆ, ಬ್ರಿಟನ್ ತಟಸ್ಥವಾಗಿ ಉಳಿಯಬಹುದೆಂಬ ಆಸೆ ಚಿಗುರಿದಾಗ, ಸೈನ್ಯವನ್ನು ಪೂರ್ವಕ್ಕೆ, ರಷ್ಯಾದತ್ತ ತಿರುಗಿಸುವಂತೆ ಜರ್ಮನಿಯ ಚಕ್ರವರ್ತಿ ಎರಡನೇ ವಿಲ್ಹೆಲ್ಮ್ ಸೂಚಿಸಿದ. ಲಕ್ಷಾಂತರ ಸೈನಿಕರನ್ನು ಸಾಗಿಸುವ ವ್ಯವಸ್ಥೆಯನ್ನು ನಿಂತ ನಿಲುವಿನಲ್ಲಿ ಬದಲಿಸಲಾಗದೆಂದು ದಂಡನಾಯಕ ಮೋಲ್ಟ್ಕೆ ಹೇಳಿದ. ಯುದ್ಧ ಯಾರ ಕೈಯಲ್ಲೂ ಇರಲಿಲ್ಲ, ಎಲ್ಲರೂ ಅರಿಯದೇ ಜಾರಿದರು ಎಂಬ ವಾದವನ್ನು ಮಾತ್ರ ನಾನು ಒಪ್ಪುವುದಿಲ್ಲ. ಸರ್ಬಿಯಾಕ್ಕೆ ಒಪ್ಪಲಾಗದಂಥ ಷರತ್ತುಗಳನ್ನು ಬೇಕೆಂದೇ ಬರೆದವರು ಆಸ್ಟ್ರಿಯಾದ ರಾಜಧಾನಿ ವಿಯೆನ್ನಾದಲ್ಲಿದ್ದರು, ಅವರ ಬೆನ್ನು ತಟ್ಟಿದವರು ಜರ್ಮನಿಯ ರಾಜಧಾನಿ ಬರ್ಲಿನ್‌ನಲ್ಲಿದ್ದರು.

ಮುರಿಯದೇ ಉಳಿದ ಒಂದು ವ್ಯವಸ್ಥೆ ನಿಮ್ಮ ತಾಲ್ಲೂಕಿಗೂ ಸಂಬಂಧಿಸಿದೆ. ಪರಸ್ಪರರ ಅಣುಸ್ಥಾವರಗಳ ಮೇಲೆ ದಾಳಿ ಮಾಡಬಾರದೆಂದು ಭಾರತ ಮತ್ತು ಪಾಕಿಸ್ತಾನ 1988ರಲ್ಲಿ ಒಪ್ಪಂದ ಮಾಡಿಕೊಂಡವು. ಕೈಗಾದಂಥ ವಿದ್ಯುತ್ ಸ್ಥಾವರಗಳೂ ಅದರ ವ್ಯಾಪ್ತಿಗೆ ಬರುತ್ತವೆ. 1992ರಿಂದ ಪ್ರತಿ ಜನವರಿ 1ರಂದು ಎರಡೂ ದೇಶಗಳು ಸ್ಥಾವರಗಳ ಪಟ್ಟಿಯನ್ನು ಹಂಚಿಕೊಳ್ಳುತ್ತಿವೆ. ಕಾರ್ಗಿಲ್ ಯುದ್ಧ ನಡೆದ ಮರುವರ್ಷವೂ ಅದು ತಪ್ಪಲಿಲ್ಲ.