ಗೆರೆಗೆ ಗೆರೆ ಇಳಿಸಿದ ಪದಕ

ಪ್ರಶ್ನೆ: ಆಭರಣ ವಿನ್ಯಾಸ ಕಲಿಯುತ್ತಿದ್ದೇನೆ. ಚಿತ್ರಕಾರ ಪೀಟ್ ಮಾಂಡ್ರಿಯನ್ 1930ರಲ್ಲಿ ಬಿಡಿಸಿದ ಕೆಂಪು, ನೀಲಿ, ಹಳದಿ ಚೌಕಗಳ ಚಿತ್ರವನ್ನು ಬೆಳ್ಳಿಯ ಪದಕದ ಮೇಲೆ, ಸುಟ್ಟು ಕೂರಿಸುವ ಗಾಜಿನ ಬಣ್ಣವಾದ ಎನಾಮಲ್‌ನಲ್ಲಿ ಗೆರೆಗೆ ಗೆರೆ ಇಳಿಸಿದೆ. ನೋಡಿದವರೆಲ್ಲ ಕೀಲಿಗೊಂಚಲಿನ ಬಿಲ್ಲೆಯಂತಿದೆ ಎನ್ನುತ್ತಾರೆ. ತಪ್ಪೆಲ್ಲಿ?

ಉತ್ತರ: ‘ಗೆರೆಗೆ ಗೆರೆ’ ಎಂದಿರಲ್ಲ, ಅಲ್ಲೇ. ಆ ಚಿತ್ರದಲ್ಲಿ ಕೆಂಪು ಬಹುಪಾಲು ಜಾಗ ನುಂಗಿದೆ. ಮೂಲೆಯಲ್ಲಿ ಬೆರಳಗಲದ ಹಳದಿ ಅದಕ್ಕೆ ಎದುರು ನಿಂತಿದೆ. ಕಪ್ಪು ಗೆರೆಗಳ ದಪ್ಪವೂ ಒಂದೇ ಅಲ್ಲ. ಮೂರು ಸೆಂಟಿಮೀಟರಿಗೆ ಕುಗ್ಗಿಸಿದರೆ ಈ ಜಗ್ಗಾಟವೆಲ್ಲ ಮಾಯವಾಗಿ ಬರೀ ಬಣ್ಣ ಉಳಿಯುತ್ತದೆ.

ನಾನೂ ಕಲಿಯುವಾಗ ಚಿತ್ರಕಾರ ಕಂಡಿನ್‌ಸ್ಕಿಯ ವೃತ್ತಗಳನ್ನೆಲ್ಲ ಒಂದು ಜೊತೆ ಓಲೆಗೆ ತುಂಬಿದ್ದೆ. ಒಂದೊಂದೂ 22 ಗ್ರಾಂ. ಹಾಕಿಕೊಂಡ ಅಕ್ಕ ಅರ್ಧ ಗಂಟೆಯಲ್ಲೇ ಬಿಚ್ಚಿ, ಏನೂ ಹೇಳದೆ ಮೇಜಿನ ಮೇಲಿಟ್ಟಳು. ಅಷ್ಟು ನೇರವಾದ ವಿಮರ್ಶೆ ನನಗೆ ಮತ್ತೆ ಸಿಕ್ಕಿಲ್ಲ.

ಶಿಲ್ಪಿ ಅಲೆಕ್ಸಾಂಡರ್ ಕಾಲ್ಡರ್ ಅವರ ಒಡವೆಗಳನ್ನು ನೋಡಿ. ಸುಮಾರು 1,800 ಮಾಡಿದರು. ಹಿತ್ತಾಳೆ, ಬೆಳ್ಳಿಯ ತಂತಿಯನ್ನು ಬಡಿದು, ಸುರುಳಿ ಸುತ್ತಿ, ರಿವೆಟ್ ಹೊಡೆದು ಜೋಡಿಸುತ್ತಿದ್ದರು; ಬೆಸುಗೆಯ ಗೋಜಿಗೆ ಹೋಗುತ್ತಿದ್ದುದೇ ಅಪರೂಪ. ತಮ್ಮ ತೂಗುಶಿಲ್ಪವನ್ನು ಕುಗ್ಗಿಸಿ ಕಿವಿಗೆ ನೇತುಹಾಕಲಿಲ್ಲ. ತೂಗುವ ಗುಣವನ್ನಷ್ಟೇ ತಂದರು. 1942ರಲ್ಲಿ ಕಲಾಸಂಗ್ರಾಹಕಿ ಪೆಗ್ಗಿ ಗುಗ್ಗೆನ್‌ಹೈಮ್ ತಮ್ಮ ನ್ಯೂಯಾರ್ಕ್ ಗ್ಯಾಲರಿಯ ಉದ್ಘಾಟನೆಗೆ ಒಂದು ಕಿವಿಗೆ ಅಮೂರ್ತ ಕಲೆಯ ಕಾಲ್ಡರ್ ಮಾಡಿದ ಓಲೆ, ಇನ್ನೊಂದಕ್ಕೆ ಕನಸಿನಂಥ ಚಿತ್ರಗಳ ಸರ್ರಿಯಲಿಸ್ಟ್ ಪಂಥದ ಈವ್ ತಾಂಗಿ ಮಾಡಿದ ಓಲೆ ಧರಿಸಿದ್ದರು, ಎರಡೂ ಪಂಥ ತಮಗೆ ಸಮಾನವೆಂದು ತೋರಿಸಲು. (ಜೊತೆ ತಪ್ಪಿದ ಓಲೆ ಎಂದು ಯಾರೂ ನಗಲಾರದ ಸಂದರ್ಭ!)

ನಿಮ್ಮ ಪದಕಕ್ಕೆ ಆ ಕೆಂಪು–ಹಳದಿಯ ಜಗ್ಗಾಟವೊಂದನ್ನೇ ತೆಗೆದುಕೊಳ್ಳಿ. ಕೆಂಪಿನ ಜಾಗವನ್ನು ತಂತಿಯ ಖಾಲಿ ಚೌಕಟ್ಟಾಗಿಸಿ, ಹಳದಿಯನ್ನು ಪುಟ್ಟ ದಪ್ಪ ತಗಡಾಗಿಸಿ. ದಾರಕ್ಕೆ ಕಟ್ಟಿ, ಓರೆಯಾಗದೆ ನಿಲ್ಲುವ ಜಾಗ ಹುಡುಕಿ ಅಲ್ಲಿ ಕೊಂಡಿ ಹಾಕಿ. ಅದು ನಡುಮಧ್ಯದಲ್ಲಿ ಸಿಗಲಿಕ್ಕಿಲ್ಲ, ಗಾಬರಿಯಾಗಬೇಡಿ.

ಎನಾಮಲ್ ಆ ಹಳದಿಗಷ್ಟೇ ಸಾಕು. ಪಾರದರ್ಶಕ ಹಳದಿಯಾದರೆ ಬೆಳ್ಳಿಗೆ ನೇರವಾಗಿ ತಾಗಿ ಬಣ್ಣ ಕೆಡುವುದುಂಟು. ಮೊದಲು ಬಣ್ಣವಿಲ್ಲದ ಒಂದು ಪದರವನ್ನು ಕುಲುಮೆಯಲ್ಲಿ ಸುಟ್ಟುಕೊಳ್ಳಿ.