ಆರ್ಬಿಟ್ರೇಷನ್ ಷರತ್ತಿಗೆ ಅಂಜಬೇಕಿಲ್ಲ, ಅಮಲ್ಜಾರಿಯ ಬಗ್ಗೆ ಎಚ್ಚರವಿರಲಿ

ಮಾನ್ಯರೇ,

ಬೆಂಗಳೂರಿನ ಹೊರವಲಯದ ಫ್ಲ್ಯಾಟಿಗಾಗಿ 42 ಲಕ್ಷ ರೂಪಾಯಿ ಕಟ್ಟಿದ್ದೀರಿ. 2022ರಲ್ಲಿ ಕೈಸೇರಬೇಕಿದ್ದ ಸ್ವಾಧೀನ ಇನ್ನೂ ಸಿಕ್ಕಿಲ್ಲ. ಹಣ ಮರಳಿಸಿ ಎಂದರೆ, ಕರಾರಿನಂತೆ, ಕೋರ್ಟಿನ ಬದಲು ಮಧ್ಯಸ್ಥಗಾರರು ತೀರ್ಪು ಕೊಡುವ ದೆಹಲಿಯ ಆರ್ಬಿಟ್ರೇಷನ್‌ಗೆ ಬನ್ನಿ, ಬೇರೆ ದಾರಿಯಿಲ್ಲ ಎಂದು ಕಂಪನಿಯ ವಕೀಲರು ಉತ್ತರಿಸಿದ್ದಾರೆ. ದಾವಣಗೆರೆಯಿಂದ ಹೀಗೆ ಬರೆದಿರುವ ನೀವು, ಕಂಪನಿಯ ಎದುರು ಸಾಮಾನ್ಯನಿಗೆ ನ್ಯಾಯ ಸಿಗುವುದುಂಟೇ ಎಂದು ಕೇಳಿದ್ದೀರಿ.

ಬೇರೆ ದಾರಿಯಿಲ್ಲ ಎಂಬ ಮಾತು ಸರಿಯಲ್ಲ. ಇಂಥ ಷರತ್ತು ಗ್ರಾಹಕ ಆಯೋಗದ ಅಧಿಕಾರವನ್ನು ಕಿತ್ತುಕೊಳ್ಳಲಾರದು ಎಂದು ಎಮಾರ್ ಎಂಜಿಎಫ್ ಎಂಬ ಬಿಲ್ಡರ್ ಕಂಪನಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 34ನೇ ಕಲಮು ದೂರುದಾರನು ವಾಸವಿರುವ ಊರಿನಲ್ಲೇ ದೂರು ಕೊಡಲು ಅವಕಾಶ ನೀಡಿರುವುದರಿಂದ ಮತ್ತು ನೀವು ಪಾವತಿಸಿರುವ ಹಣ 50 ಲಕ್ಷದೊಳಗಿರುವುದರಿಂದ, ದಾವಣಗೆರೆಯ ಜಿಲ್ಲಾ ಆಯೋಗವೇ ನಿಮಗೆ ಸಾಕು. ಸಿವಿಲ್ ದಾವೆಯಾದರೆ ಕೇಳುವ ಮೊತ್ತ ಏರಿದಂತೆ ಕೋರ್ಟ್ ಶುಲ್ಕವೂ ಏರುತ್ತದೆ. ಇಲ್ಲಿ ನಿಮ್ಮ ದೂರಿಗೆ ಶುಲ್ಕ 1,000 ರೂಪಾಯಿ. ದೂರಿಗೆ ಎರಡು ವರ್ಷದ ಕಾಲಮಿತಿ ಇದೆಯಾದರೂ, ಸ್ವಾಧೀನ ಕೊಡುವವರೆಗೂ ವ್ಯಾಜ್ಯಕಾರಣ, ಅಂದರೆ ದೂರು ಕೊಡಲು ಇರುವ ಕಾರಣ, ಮುಂದುವರಿಯುತ್ತದೆ ಎಂದು ನ್ಯಾಯಾಲಯಗಳು ಒಪ್ಪಿವೆ. ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರವಾದ ರೇರಾಕ್ಕೂ ಹೋಗಬಹುದು; ಆದರೆ ಒಂದೇ ಪರಿಹಾರವನ್ನು ಎರಡೂ ಕಡೆ ಕೇಳಲು ಹೋಗಬೇಡಿ.

ಸಹಿ ಹಾಕಿದ್ದೇ ತಪ್ಪಾಯಿತೇ ಎಂದು ಕೊರಗಿದ್ದೀರಿ. ಬಿಲ್ಡರ್ ಅಚ್ಚು ಹಾಕಿಸಿಟ್ಟ ಕರಾರಿನ ಒಂದು ಸಾಲನ್ನಾದರೂ ತಿದ್ದಿಸಿ ಸಹಿ ಮಾಡಿದವರನ್ನು ನಾವಂತೂ ಕಂಡಿಲ್ಲ. ನ್ಯಾಯಾಲಯಕ್ಕೂ ಇದು ತಿಳಿದ ಸಂಗತಿಯೇ. ಗುರುಗ್ರಾಮದ ಫ್ಲ್ಯಾಟಿಗೆ ಸಂಬಂಧಿಸಿದ ಪಯೊನೀರ್ ಅರ್ಬನ್ ಪ್ರಕರಣದ ಕರಾರಿನಲ್ಲಿ, ಕಂತು ತಡವಾದರೆ ಖರೀದಿದಾರ ಶೇ 18ರ ಬಡ್ಡಿ ಕಟ್ಟಬೇಕಿತ್ತು, ಬಿಲ್ಡರ್ ತಪ್ಪಿದರೆ ಕೊಡಬೇಕಿದ್ದುದು ಶೇ 9 ಮಾತ್ರ. ಇಂಥ ಏಕಪಕ್ಷೀಯ ಷರತ್ತು ಖರೀದಿದಾರನನ್ನು ಕಟ್ಟಿಹಾಕದು ಎಂದ ಸುಪ್ರೀಂ ಕೋರ್ಟ್, ಹಣವನ್ನು ಶೇ 10.7ರ ಬಡ್ಡಿಯೊಡನೆ ಮರಳಿಸಬೇಕೆಂಬ ಆದೇಶವನ್ನು 2019ರಲ್ಲಿ ಎತ್ತಿಹಿಡಿಯಿತು.

ಉತ್ತರ ಸಲ್ಲಿಸಲು ಕಂಪನಿಗೆ 30 ದಿನ, ಆಯೋಗ ಒಪ್ಪಿದರೆ ಮತ್ತೆ 15 ದಿನ. ಅದರಾಚೆಗೆ ಒಂದು ದಿನವೂ ಸಿಗದೆಂದು 2020ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೇ ಹೇಳಿದೆ. ಆದರೂ ವಿಚಾರಣೆ ವರ್ಷಗಟ್ಟಲೆ ಎಳೆಯುವುದುಂಟು ಎಂಬುದನ್ನು ಮುಚ್ಚಿಡಲಾರೆವು.

ನಮ್ಮ ದೃಷ್ಟಿಯಲ್ಲಿ ನಿಜವಾದ ಕಷ್ಟ ಇರುವುದು ಗೆದ್ದ ಮೇಲೆ, ಅಮಲ್ಜಾರಿಯಲ್ಲಿ, ಅಂದರೆ ಆದೇಶವನ್ನು ಜಾರಿ ಮಾಡಿಸುವುದರಲ್ಲಿ. ಆದೇಶ ಕೈಗೆ ಬಂದ ಮಾತ್ರಕ್ಕೆ ಹಣ ಖಾತೆಗೆ ಬೀಳುವುದಿಲ್ಲ. ರಾಜ್ಯ ಆಯೋಗಕ್ಕೆ ಮೇಲ್ಮನವಿ ಹೋಗುವ ಕಂಪನಿ ಆದೇಶದ ಅರ್ಧ ಮೊತ್ತವನ್ನು ಠೇವಣಿ ಇಡಲೇಬೇಕೆಂಬುದು ನಿಮಗೆ ಅನುಕೂಲಕರ. ಕಂಪನಿ ಹಣ ಕೊಡದೆ ಸುಮ್ಮನಿದ್ದುಬಿಟ್ಟರೆ ಗ್ರಾಹಕ ಕಾಯ್ದೆಯ 71ನೇ ಕಲಮಿನಡಿ, ಸಿವಿಲ್ ಕೋರ್ಟಿನ ಡಿಕ್ರಿಯಂತೆಯೇ, ಆಸ್ತಿ ಜಪ್ತಿಗೆ ಅಮಲ್ಜಾರಿ ಅರ್ಜಿ ಹಾಕಬಹುದು. 72ನೇ ಕಲಮಿನಡಿ ಮೂರು ವರ್ಷದವರೆಗಿನ ಸಜೆಗೂ ಅವಕಾಶವಿದೆ. ಆದ್ದರಿಂದ ಕಂಪನಿಯ ಜಮೀನು, ಖಾತೆ, ನಿರ್ದೇಶಕರ ವಿವರಗಳನ್ನು ರೇರಾ ಜಾಲತಾಣದಿಂದಲೂ ಕಂಪನಿ ವ್ಯವಹಾರಗಳ ಸಚಿವಾಲಯದ ದಾಖಲೆಗಳಿಂದಲೂ ಈಗಲೇ ಸಂಗ್ರಹಿಸಲು ತೊಡಗಿ.

ಈ ನಡುವೆ ಕಂಪನಿ ದಿವಾಳಿ ಪ್ರಕ್ರಿಯೆಗೆ ಒಳಪಟ್ಟರೆ ಅದರ ವಿರುದ್ಧದ ದೂರು, ಜಪ್ತಿ ಎರಡಕ್ಕೂ ತಡೆ ಬೀಳುತ್ತದೆ. ದಿವಾಳಿ ಕಾನೂನಿನ 2018ರ ತಿದ್ದುಪಡಿಯಿಂದಾಗಿ ಮನೆ ಖರೀದಿದಾರರಿಗೂ ಹಣಕಾಸು ಸಾಲಿಗರ, ಅಂದರೆ ಕಂಪನಿಗೆ ಸಾಲ ಕೊಟ್ಟವರ, ಸ್ಥಾನವಿದೆ. ದಿವಾಳಿ ಪ್ರಕ್ರಿಯೆಯ ಪ್ರಕಟಣೆ ಕಂಡ ಕೂಡಲೇ ಆಯೋಗದ ಆದೇಶಕ್ಕೆ ಕಾಯದೆ, ಗಡುವಿನೊಳಗೆ ನಿಮ್ಮ ಹಕ್ಕುಕೋರಿಕೆಯನ್ನು ಅಲ್ಲಿಯೂ ಸಲ್ಲಿಸಿ.

– ಸಂಪಾದಕರು