ಗುಜರಿಗೆ ಹೋದ ಪೆಟ್ಟಿಗೆ, ಮಾತು ಬಿಟ್ಟ ಅತ್ತೆ

ಅಕ್ಕಾ, ನನಗೆ 41 ವರ್ಷ. ಮದುವೆಯಾಗಿ ಬಂದ 17 ವರ್ಷದಿಂದ ಶಿವಮೊಗ್ಗದ ಇದೇ ಮನೆಯಲ್ಲಿದ್ದೇನೆ. ಮಾವ ಕಟ್ಟಿಸಿದ ಮನೆ. ಯಜಮಾನರಿಗೆ ಬೆಂಗಳೂರಿಗೆ ವರ್ಗವಾಯಿತು. ಈ ಮನೆ ಮಾರಿ, ಸಾಲದ್ದಕ್ಕೆ ಬ್ಯಾಂಕ್ ಲೋನ್ ಮಾಡಿ, ಅಲ್ಲಿ ಫ್ಲ್ಯಾಟ್ ಕೊಂಡಿದ್ದೇವೆ. ಇನ್ನು ಮೂರು ವಾರಕ್ಕೆ ಹೊರಡಬೇಕು. ಅತ್ತೆಗೆ 72 ವರ್ಷ. ಮನೆ ಮಾರುವಾಗ ತಕರಾರಿಲ್ಲದೆ ಸಹಿ ಹಾಕಿದ್ದರು. ಹೋದ ವಾರ ಅವರು ಸಾಗರದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ, ಸಾಮಾನು ಕಡಿಮೆ ಮಾಡೋಣ ಅಂತ ಅಟ್ಟದ ಮೇಲಿದ್ದ ಹಳೇ ಮರದ ಪೆಟ್ಟಿಗೆಯನ್ನು ಗುಜರಿಯವನಿಗೆ ಕೊಟ್ಟುಬಿಟ್ಟೆ. ವಾಪಸ್ ಬಂದವರು ಅಟ್ಟ ನೋಡಿದರು. ಏನೂ ಅನ್ನಲಿಲ್ಲ. ಅವತ್ತಿನಿಂದ ನನ್ನ ಜೊತೆ ಮಾತಿಲ್ಲ, ಸರಿಯಾಗಿ ಊಟವಿಲ್ಲ. ‘ನಾನೆಲ್ಲಿಗೂ ಬರೋದಿಲ್ಲ, ನೀವು ಹೋಗಿ’ ಅಂತ ಮಗನಿಗೆ ಹೇಳಿದ್ದಾರೆ. ಎಂಟನೇ ಕ್ಲಾಸ್ ಮುಗಿಸಿದ ಮಗಳು ಬಾಗಿಲು ಹಾಕಿಕೊಂಡು ಕೂರುತ್ತಾಳೆ. ‘ಎಲ್ಲಾ ನಿನ್ನಿಂದ ಆಗಿದ್ದು’ ಅಂತಾರೆ ಯಜಮಾನರು. ಆ ಪೆಟ್ಟಿಗೆ ಅತ್ತೆಯ ಅಪ್ಪ ಮುಳುಗಡೆ ಊರಿನಿಂದ ತಂದದ್ದಂತೆ. ನನಗೆ ಗೊತ್ತಿರಲಿಲ್ಲ. ನನಗೆ ಅಳುವುದಕ್ಕೂ ಪುರುಸೊತ್ತಿಲ್ಲ. ಅತ್ತೆಯನ್ನು ಹೇಗೆ ಒಪ್ಪಿಸಲಿ?

* * *

ತಂಗಿ, ಇದನ್ನು ಪೂರ್ತಿ ಓದುವುದು ಆಮೇಲೆ. ಮೊದಲು ಗುಜರಿ ಅಂಗಡಿಗೆ ಹೋಗಿ ಬನ್ನಿ. ಯಜಮಾನರನ್ನೂ ಕರೆದುಕೊಂಡು ಹೋಗಿ. ಹಳೆಯ ಕಾಲದ ಮರದ ಪೆಟ್ಟಿಗೆಯನ್ನು ಗುಜರಿಯವರು ಬೇಗ ಒಡೆಯುವುದಿಲ್ಲ, ಹಳೇ ಮರಕ್ಕೆ ಬೆಲೆಯಿದೆ. ಬೇರೆ ಎತ್ತಿಟ್ಟಿರಬಹುದು, ಹಳೇ ಪೀಠೋಪಕರಣ ಕೊಳ್ಳುವವರಿಗೆ ದಾಟಿಸಿರಬಹುದು. ಯಾರಿಗೆ ಕೊಟ್ಟ ಅಂತ ಕೇಳಿ, ಅಲ್ಲಿಗೂ ಹೋಗಿ. ನೀವು ತೆಗೆದುಕೊಂಡದ್ದರ ಮೂರು ಪಟ್ಟು ಕೇಳಿದರೂ ಕೊಟ್ಟು ತನ್ನಿ. ಸಿಗದಿದ್ದರೆ ಅದರಂಥದ್ದೇ ಇನ್ನೊಂದನ್ನು ತಂದು ಅಟ್ಟದ ಮೇಲೆ ಇಡಬೇಡಿ. ಆ ಪೆಟ್ಟಿಗೆಯ ಒಂದೊಂದು ಗೀರೂ ಅವರಿಗೆ ಗೊತ್ತಿರುತ್ತದೆ.

ನೀವು ತಪ್ಪು ಮಾಡಿದ್ದೀರಿ. ಇದನ್ನು ನೇರವಾಗಿ ಹೇಳುತ್ತಿರುವುದು ನಿಮ್ಮನ್ನು ನೋಯಿಸುವುದಕ್ಕಲ್ಲ. ತಪ್ಪು ಪೆಟ್ಟಿಗೆ ಕೊಟ್ಟಿದ್ದರಲ್ಲಿ ಅಷ್ಟಿಲ್ಲ. ಅವರು ಮನೆಯಲ್ಲಿಲ್ಲದಾಗ ಕೊಟ್ಟಿದ್ದರಲ್ಲಿದೆ. ಕೇಳಿದ್ದರೆ ಬೇಡ ಅನ್ನುತ್ತಾರೆ ಅಂತ ನಿಮಗೂ ಒಳಗೆಲ್ಲೋ ಅನ್ನಿಸಿತ್ತು, ಅಲ್ವಾ? ಮನೆ ಖಾಲಿ ಮಾಡುವ ಧಾವಂತದಲ್ಲಿ ಎಷ್ಟೋ ಹೆಣ್ಣುಮಕ್ಕಳು ಹೀಗೆ ಮಾಡುತ್ತಾರೆ. ಯಾಕೆಂದರೆ ಪ್ರತಿ ಪಾತ್ರೆಯ ಮುಂದೆಯೂ ನಿಂತು ‘ಇದು ಬೇಕಾ, ಬೇಡವಾ’ ಅಂತ ತೀರ್ಮಾನ ಮಾಡುವ ಕೆಲಸ ಅವರ ತಲೆಗೇ ಬಂದಿರುತ್ತದೆ.

ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಕೊನೆಯಲ್ಲಿ ಬಂದ ಆ ಒಂದು ಮಾತು. ಮುಳುಗಡೆ ಊರು. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅತ್ತೆಗೆ ಈಗ 72 ಅಂದರೆ, ಶರಾವತಿಯ ನೀರು ಏರುತ್ತಾ ಬಂದ ಆ ದಿನಗಳಲ್ಲಿ ಅವರು ಹತ್ತು ಹನ್ನೊಂದು ವರ್ಷದ ಹುಡುಗಿ. ನಿಮ್ಮ ಮಗಳಿಗಿಂತ ಚಿಕ್ಕವರು. ಊರಿಗೆ ಊರೇ ಗಂಟುಮೂಟೆ ಕಟ್ಟಿತು. ಗದ್ದೆ, ತೋಟ, ಕೊಟ್ಟಿಗೆ, ದೇವಸ್ಥಾನ ಎಲ್ಲಾ ನೀರಿನಡಿ ಹೋದವು. ನಾಡಿಗೆಲ್ಲ ಕರೆಂಟು ಬಂತು. ಊರು ಬಿಟ್ಟವರಲ್ಲಿ ಎಷ್ಟೋ ಜನ ಗುರುತು ಪರಿಚಯವಿಲ್ಲದ ಕಾಡಂಚಿನಲ್ಲಿ ಬದುಕು ಮೊದಲಿನಿಂದ ಶುರು ಮಾಡಬೇಕಾಯಿತು. ಆ ಜಮೀನಿನ ಹಕ್ಕುಪತ್ರಕ್ಕಾಗಿ ಅವರ ಮಕ್ಕಳು ಮೊಮ್ಮಕ್ಕಳು ಇವತ್ತಿಗೂ ಓಡಾಡುತ್ತಿದ್ದಾರೆ.

ಆ ಹುಡುಗಿಯನ್ನು ಅವತ್ತು ಯಾರಾದರೂ ‘ಮನೆ ಬಿಡೋಣವಾ’ ಅಂತ ಕೇಳಿದ್ದರಾ? ಇಲ್ಲ. ಈಗ 72ನೇ ವಯಸ್ಸಿನಲ್ಲಿ, ಗಂಡ ಕಟ್ಟಿಸಿದ ಮನೆ ಮಾರುವಾಗ ಕೇಳಿದಿರಾ? ಸಹಿ ಹಾಕಿದರು ಅಂತ ಬರೆದಿದ್ದೀರಿ. ಮಗ ಕಾಗದ ಮುಂದಿಟ್ಟಾಗ ಯಾವ ತಾಯಿ ಹಾಕುವುದಿಲ್ಲ ಹೇಳಿ? ‘ನಿಮಗೆ ಹೇಗನ್ನಿಸುತ್ತಿದೆ ಅಮ್ಮಾ’ ಅಂತ ಕೇಳುವುದು ಬೇರೆ ಕೆಲಸ. ಅದು ಬಾಕಿ ಉಳಿದುಬಿಟ್ಟಿದೆ. ಮೊದಲನೇ ಮನೆಯಿಂದ ಉಳಿದು ಬಂದದ್ದು ಒಂದು ಪೆಟ್ಟಿಗೆ. ಎರಡನೇ ಮನೆ ಹೋಗುವ ಹೊತ್ತಿಗೆ ಅದೂ ಹೋಯಿತು. ಅವರು ಕೂಗಾಡದೆ ಸುಮ್ಮನಾಗಿದ್ದು ನನಗೆ ಅರ್ಥವಾಗುತ್ತದೆ.

ಹಾಗಾಗಿ ಅತ್ತೆಯನ್ನು ‘ಒಪ್ಪಿಸುವ’ ಮಾತನ್ನು ಸದ್ಯಕ್ಕೆ ಬಿಡಿ. ಪೆಟ್ಟಿಗೆ ಸಿಕ್ಕರೂ ಸಿಗದಿದ್ದರೂ ಮೊದಲು ಅವರ ಹತ್ತಿರ ಹೋಗಿ ಕೂರಿ. ಸೊಪ್ಪು ಸೋಸುವಾಗಲೋ ಬತ್ತಿ ಹೊಸೆಯುವಾಗಲೋ, ಅವರ ಕೈಗೊಂದು ಕೆಲಸ ಇರುವ ಹೊತ್ತು ನೋಡಿಕೊಳ್ಳಿ. ಮುಖ ನೋಡಿ ಮಾತಾಡಲೇಬೇಕು ಅನ್ನುವ ಕಷ್ಟ ಇಬ್ಬರಿಗೂ ಇರುವುದಿಲ್ಲ. ‘ಅತ್ತೆ, ನಿಮ್ಮನ್ನು ಕೇಳದೆ ಕೊಟ್ಟಿದ್ದು ನನ್ನ ತಪ್ಪು’ ಅನ್ನಿ. ಅಲ್ಲಿಗೆ ನಿಲ್ಲಿಸಿ. ‘ಆದರೆ ಅಲ್ಲಿ ಜಾಗ ಇಲ್ವಲ್ಲ’ ಅಂತ ಸೇರಿಸಿದಿರೋ, ಕ್ಷಮೆ ಕೇಳಿದ್ದೆಲ್ಲ ನೀರಿನಲ್ಲಿ ಹೋಮ. ಅವರು ಉತ್ತರ ಕೊಡದಿರಬಹುದು. ಎದ್ದು ಒಳಗೆ ಹೋಗಬಹುದು. ಹೋಗಲಿ. ಮಾರನೇ ದಿನ ಮತ್ತೆ ಹೋಗಿ ಕೂರಿ, ಈ ಸಲ ಕೇಳಿ: ‘ಆ ಪೆಟ್ಟಿಗೆಯಲ್ಲಿ ನಿಮ್ಮಪ್ಪ ಏನಿಡುತ್ತಿದ್ದರು?’

ಅವರು ಬಾಯಿ ಬಿಟ್ಟ ದಿನ ಮಗಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ನಿಮ್ಮ ಮನೆಯಲ್ಲಿ ಒಂದೇ ನೋವು ಇರುವ ಇಬ್ಬರು ಬೇರೆ ಬೇರೆ ಕೋಣೆಯಲ್ಲಿ ಕೂತಿದ್ದಾರೆ. ಒಬ್ಬರಿಗೆ 72, ಇನ್ನೊಬ್ಬಳಿಗೆ ಹದಿಮೂರೋ ಹದಿನಾಲ್ಕೋ. ಇಬ್ಬರನ್ನೂ ಯಾರೂ ಕೇಳಲಿಲ್ಲ. ಮಗಳಿಗೆ ನೀವು ಎಷ್ಟು ಸಮಾಧಾನ ಹೇಳಿದರೂ ತಲೆಗೆ ಹೋಗುವುದಿಲ್ಲ, ಯಾಕೆಂದರೆ ಕರೆದುಕೊಂಡು ಹೋಗುತ್ತಿರುವವರೇ ನೀವು. ಅಜ್ಜಿ ‘ನನ್ನ ಗೆಳತಿಯರು ಒಬ್ಬೊಬ್ಬರು ಒಂದೊಂದು ಕಡೆ ಹೋದರು ಕಣೇ’ ಅಂದರೆ ಆ ಹುಡುಗಿ ಕಿವಿಗೊಡುತ್ತಾಳೆ.

ಇನ್ನೊಂದು ಆಸೆ ಇದೆ ನನಗೆ. ಅತ್ತೆಗೆ ಮನಸ್ಸಿದ್ದರೆ, ಹೊರಡುವ ಮುಂಚೆ ಒಂದು ದಿನ ಅವರನ್ನು ಶರಾವತಿ ಹಿನ್ನೀರಿಗೆ ಕರೆದುಕೊಂಡು ಹೋಗಿ. ನಿಮ್ಮ ನಾದಿನಿ ಇರುವ ಸಾಗರದಿಂದ ದೂರವೇನಲ್ಲ. ಲಾಂಚಿಗೆ ಕಾಯುತ್ತಿದ್ದ ಜಾಗದಲ್ಲಿ 2025ರಿಂದ ಸಿಗಂದೂರಿಗೆ ಸೇತುವೆಯೇ ಆಗಿದೆ. ಬೇಸಿಗೆಯಲ್ಲಿ ನೀರು ಇಳಿದು ದಡ ಅಗಲವಾಗಿರುತ್ತದೆ. ನೀರು ತೀರಾ ಇಳಿದ ವರ್ಷಗಳಲ್ಲಿ, 1948ರಲ್ಲಿ ಕಟ್ಟಿ ಆಮೇಲೆ ಮುಳುಗಿಹೋದ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟೂ ಮೇಲೆದ್ದು ಕಾಣುತ್ತದೆ. ದಡದಲ್ಲಿ ನಿಲ್ಲಿಸಿದರೆ ಸಾಕು, ನಮ್ಮೂರು ಆ ಕಡೆ ಇತ್ತು ಅಂತ ಅವರೇ ಕೈ ತೋರಿಸುತ್ತಾರೆ. ಬೇಡ ಅಂದರೆ ಒತ್ತಾಯ ಮಾಡಬೇಡಿ. ನೋಡಲಾರದ ನೀರು ಅದು ಕೆಲವರಿಗೆ.

‘ಬರೋದಿಲ್ಲ’ ಅನ್ನುವ ಮಾತನ್ನು ಹಠ ಅಂತ ತಳ್ಳಿಹಾಕಬೇಡಿ. ಈ ಸಲವಾದರೂ ಅವರ ಕೈಯಲ್ಲಿ ಒಂದು ತೀರ್ಮಾನ ಇರಲಿ. ಲಾರಿ ಹೋಗುವ ಮುಂಚೆ ಮಗ ಅಮ್ಮನನ್ನು ಕರೆದುಕೊಂಡು ಎರಡು ದಿನ ಬೆಂಗಳೂರಿಗೆ ಹೋಗಿ ಬರಲಿ. ಫ್ಲ್ಯಾಟ್ ನೋಡಲಿ, ಹತ್ತಿರದಲ್ಲಿ ದೇವಸ್ಥಾನ ಎಲ್ಲಿದೆ, ಸಂಜೆ ಕೂರುವುದಕ್ಕೆ ಕಟ್ಟೆ ಇದೆಯಾ, ತಮ್ಮ ಮಂಚ ಯಾವ ಗೋಡೆಗೆ ಬರುತ್ತದೆ ಅಂತ ಅವರೇ ಹೇಳಲಿ. ಮೊದಲ ಒಂದು ತಿಂಗಳು ಮಗಳ ಮನೆಯಲ್ಲಿದ್ದು, ನೀವೆಲ್ಲ ಸೇರಿಕೊಂಡ ಮೇಲೆ ಬರುತ್ತೇನೆ ಅಂದರೆ ಅದಕ್ಕೂ ಸೈ ಅನ್ನಿ. ಆದರೆ ಬರುವ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿಡಿ. ಬಿಟ್ಟುಹೋದರು ಅಂತ ಅವರಿಗೆ ಯಾವತ್ತೂ ಅನ್ನಿಸಬಾರದು.

ಬಂದ ಮೇಲೆ ಮೊದಲು ಬಿಚ್ಚಬೇಕಾದದ್ದು ಅಡುಗೆಮನೆಯ ಡಬ್ಬಗಳಲ್ಲ, ಅವರ ಹಾಸಿಗೆ ಮತ್ತು ದೇವರ ಸಾಮಾನು. ಮಂಚದಿಂದ ಬಚ್ಚಲಿಗೆ ಹೋಗುವ ದಾರಿ ಈಗಿನ ಮನೆಯಲ್ಲಿ ಎಡಕ್ಕಿದ್ದರೆ ಆದಷ್ಟೂ ಅಲ್ಲಿಯೂ ಎಡಕ್ಕೇ ಬರುವ ಹಾಗೆ ಮಂಚ ಹಾಕಿ. ರಾತ್ರಿ ಪೂರ್ತಿ ಸಣ್ಣ ದೀಪ ಉರಿಯಲಿ. ಈ ವಯಸ್ಸಿನವರು ಹೊಸ ಜಾಗದಲ್ಲಿ ನಿದ್ದೆಗಣ್ಣಿನಲ್ಲಿ ಎದ್ದು, ಹಳೇ ಮನೆ ಅಂದುಕೊಂಡು ನಡೆದು ಬೀಳುವುದಿದೆ. ಜಾಗ ಬದಲಾದಾಗ ವಯಸ್ಸಾದವರಿಗೆ ಆಗುವ ಗೊಂದಲ, ಮಂಕು, ಊಟ ಸೇರದಿರುವುದನ್ನು ನರ್ಸಿಂಗ್ ಕ್ಷೇತ್ರದವರು 1992ರಲ್ಲೇ ಒಂದು ತೊಂದರೆ ಅಂತ ಗುರುತಿಸಿ ಅದಕ್ಕೊಂದು ಹೆಸರು ಕೊಟ್ಟಿದ್ದಾರೆ. ನಾಲ್ಕಾರು ವಾರ ಕಳೆದರೂ ಹಾಗೇ ಇದ್ದರೆ ಡಾಕ್ಟರಿಗೆ ತೋರಿಸಿ. ಈಗಲೇ ಊಟ ತೀರಾ ಕಡಿಮೆಯಾಗಿದ್ದರೆ ಅಷ್ಟು ದಿನವೂ ಕಾಯಬೇಡಿ.

ಮಗಳಿಗೆ ‘ಹೊಸ ಫ್ರೆಂಡ್ಸ್ ಸಿಗ್ತಾರೆ ಬಿಡು’ ಅನ್ನಬೇಡಿ. ಅವಳಿಗೆ ಬೇಕಾಗಿರುವುದು ಹಳಬರು. ಅವರನ್ನೆಲ್ಲ ಒಂದು ಮಧ್ಯಾಹ್ನ ಮನೆಗೆ ಊಟಕ್ಕೆ ಕರೆಯಿರಿ, ಗದ್ದಲ ಮಾಡಿದರೂ ಮಾಡಿಕೊಳ್ಳಲಿ. ಅವಳ ಪುಸ್ತಕ, ಬಟ್ಟೆ, ಹಳೇ ಆಟದ ಸಾಮಾನನ್ನು ಅವಳೇ ಡಬ್ಬಕ್ಕೆ ತುಂಬಲಿ. ಅವಳಿಲ್ಲದಾಗ ಏನನ್ನೂ ಕೊಡಬೇಡಿ.

ಯಜಮಾನರ ಮಾತಿಗೆ ಬರೋಣ. ‘ಎಲ್ಲಾ ನಿನ್ನಿಂದ’ ಅಂದದ್ದು ಅನ್ಯಾಯ, ಅದನ್ನು ಅವರಿಗೆ ಹೇಳಿ. ಆ ಪೆಟ್ಟಿಗೆ ಯಾರದ್ದು ಅಂತ ಅವರಿಗೆ ಗೊತ್ತಿತ್ತಲ್ಲ, 17 ವರ್ಷದಲ್ಲಿ ಒಂದು ಸಲವೂ ನಿಮಗೆ ಹೇಳಲಿಲ್ಲ. ಆದರೆ ಅವರ ತಲೆಯ ಮೇಲೂ ಭಾರವಿದೆ. ಹೋಮ್ಸ್ ಮತ್ತು ರಾಹೆ ಅಂತ ಅಮೆರಿಕದ ಇಬ್ಬರು ಮನೋವೈದ್ಯರು 1967ರಲ್ಲಿ ಬದುಕಿನ 43 ಬದಲಾವಣೆಗಳ ಪಟ್ಟಿ ಮಾಡಿ, ಎಷ್ಟೆಷ್ಟು ಒತ್ತಡ ಅಂತ ಅಂಕ ಕೊಟ್ಟರು. ಗಂಡ ಅಥವಾ ಹೆಂಡತಿಯ ಸಾವಿಗೆ 100. ಮನೆ ಬದಲಾಯಿಸುವುದಕ್ಕೆ ಬರೀ 20. ಆದರೆ ಅದು ಒಂಟಿಯಾಗಿ ಬರುವುದಿಲ್ಲ ನೋಡಿ. ದೊಡ್ಡ ಸಾಲಕ್ಕೆ 31, ಬದುಕುವ ಪರಿಸರ ಬದಲಾದರೆ 25, ಅತ್ತೆ ಮನೆಯವರ ಜೊತೆ ಮನಸ್ತಾಪಕ್ಕೆ 29. ನಿಮ್ಮೊಬ್ಬರ ಲೆಕ್ಕವೇ 105 ಆಯಿತು. ಸಾವಿನ ಜೊತೆ ಹೋಲಿಸುವುದಕ್ಕೆ ಇದನ್ನು ಹೇಳುತ್ತಿಲ್ಲ. ಇಷ್ಟೊಂದು ಸುಸ್ತು ಯಾಕೆ ಅಂತ ನಿಮಗೂ ಅವರಿಗೂ ಗೊತ್ತಾಗಲಿ ಅಂತ. ಒಂದು ರಾತ್ರಿ ಇಬ್ಬರೂ ಕೂತು, ಲೋನ್ ಕಂತಿನಿಂದ ಹಿಡಿದು ಎಲ್ಲವನ್ನೂ ಮಾತಾಡಿ.

‘ಅಳುವುದಕ್ಕೂ ಪುರುಸೊತ್ತಿಲ್ಲ’ ಅಂದಿರಿ. ಹೊಸಿಲ ಮೇಲಿನ ಸೇರು ಒದ್ದು ಬಂದ ಮನೆ ಅದು. ಬಾಣಂತನ ಮಾಡಿಸಿಕೊಂಡು ಮಗಳನ್ನು ಎತ್ತಿಕೊಂಡು ಬಂದ ಮನೆ. ಅಕ್ಕಪಕ್ಕದವರ ಜೊತೆ ಕಾಂಪೌಂಡಿನ ಮೇಲಿಂದ ಕರಿಬೇವು ಕೊಟ್ಟು ಮಜ್ಜಿಗೆ ತೆಗೆದುಕೊಂಡ ಮನೆ. ಹೊಸ ಮನೆಗೆ ಹೋಗುವಾಗ ಹಾಲು ಉಕ್ಕಿಸುತ್ತೇವೆ, ನೆಂಟರನ್ನು ಕರೆಯುತ್ತೇವೆ, ಊಟ ಹಾಕುತ್ತೇವೆ. ಬಿಡುವ ಮನೆಯಲ್ಲಿ ಲಾರಿಯವರ ಗಡಿಬಿಡಿ ಬಿಟ್ಟರೆ ಏನೂ ಇರುವುದಿಲ್ಲ. ನೀವು ಹಾಗೆ ಹೊರಡಬೇಡಿ. ಸಾಮಾನು ಕಟ್ಟುವ ಹಿಂದಿನ ಸಂಜೆ ಕೆಲಸ ನಿಲ್ಲಿಸಿಬಿಡಿ. ಅತ್ತೆ ದೇವರ ಮುಂದೆ ದೀಪ ಹಚ್ಚಲಿ. ಅನ್ನ, ಸಾರು, ಒಂದು ಪಾಯಸ ಮಾಡಿ, ಐದಾರು ಎಲೆ ಹಾಕಿ, ಪಕ್ಕದ ಮನೆಯವರನ್ನೂ ಕರೆಯಿರಿ. ಕಣ್ಣೀರು ಬಂದರೆ ಒರೆಸಿಕೊಂಡು ಒಳಗೆ ಓಡಬೇಡಿ. ಅಲ್ಲೇ ಕೂತು ಅಳಿ. ಅತ್ತೆಯೂ ನೋಡಲಿ, ಈ ಮನೆ ಬಿಡುವುದು ನಿಮಗೂ ಸುಲಭವಿಲ್ಲ ಅಂತ. ಈ 17 ವರ್ಷದಲ್ಲಿ ಅವರಿಗೆ ಅದು ಗೊತ್ತಾಗಲು ನೀವೂ ಬಿಟ್ಟಿಲ್ಲವೇನೋ.

ಪೆಟ್ಟಿಗೆ ಸಿಕ್ಕಿತಾ ಇಲ್ಲವಾ ಅಂತ ಎರಡು ಸಾಲು ಬರೆದು ತಿಳಿಸಿ. ಕಾಯುತ್ತಿರುತ್ತೇನೆ.